ಎಳೆಗೆ ಅಡ್ಡ

ದುರ್ಗಿಗುಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿದ ಮೇಲೆ
ಅಲ್ಲಿಯ ಹನ್ನೆರಡು ಮೇಜು,
ಲಗೇಜ್ ಆಟೋದಲ್ಲಿ ಮೂರು ಟ್ರಿಪ್ಪು,
ನಮ್ಮ ಅಂಗಡಿಗೆ ಬಂದವು.
ಸಾಗುವಾನಿ ಅಂದಿದ್ದರು. ಮತ್ತಿ.
ಎರಡು ಮಾತ್ರ ಸಾಗುವಾನಿ, ಅವಕ್ಕೂ ಕಾಲು ಹಲಸಿನದು.

ಖಲಂದರ್ ಸಾಬರು ಹಲಗೆಯ ಮೇಲೆ ಉಗುರು ಓಡಿಸಿದರು,
ಸಂತೆಯಲ್ಲಿ ಅಕ್ಕಿ ಮುಟ್ಟಿ ನೋಡುವವರ ಹಾಗೆ
ಕಣ್ಣು ಬೇರೆಲ್ಲೋ ಇಟ್ಟು.
"ಜಾರಿದರೆ ಪಾಲಿಶಿನ ಗೀರು. ತಡೆದರೆ ಮರದ್ದು.
ಬರ್ಕೋ ಹಾಲಮ್ಮ."
ನನ್ನ ಕೈಯಲ್ಲಿ ಉಪ್ಪುಕಾಗದ ಇತ್ತು, ಬರೆದುಕೊಳ್ಳಲಿಲ್ಲ.

ಪ್ರತಿ ಮೇಜಿಗೂ ನಾಲ್ಕು ತಗ್ಗು,
ನಾಲ್ಕಾಣೆಯಷ್ಟಗಲ. ಮಿಷನ್ನಿನ ಪಾದ.
ಬಲಗಡೆಯವು ಒಂದು ಕೂದಲು ಹೆಚ್ಚು ಆಳ:
ಸಾಲು ಮುಗಿದಾಗಲೆಲ್ಲ ಎಡಗೈ ತಳ್ಳಿದ್ದು
ಅಲ್ಲಿಗೆ ಹೋಗಿ ಬಡಿಯುತ್ತಿತ್ತು.
ಟಿಂಗ್ ಅಂತ ಗಂಟೆ, ಆಮೇಲೆ ಧಡ್.
ನನಗೆ ಗೊತ್ತು. ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಏಳು ಅಂತ ಬರೆದ ಮೇಜಿನಲ್ಲಿ
ನಾನೂ ಎಂಟು ತಿಂಗಳು ಕೂತಿದ್ದೆ.
ರೇವಣಕರ್ ಮೇಷ್ಟ್ರು ಕೀಲಿಗಳ ಮೇಲೆ ಟವೆಲ್ಲು ಹೊದಿಸಿ
"ನೋಡಬೇಡ, ಬೆರಳಿಗೆ ಕಣ್ಣಿದೆ" ಅನ್ನುತ್ತಿದ್ದರು.
ಜೂನಿಯರಿನಲ್ಲಿ ಎರಡು ಸಲ ಫೇಲು.

ತಗ್ಗಿಗೆ ಒದ್ದೆ ಬಟ್ಟೆ, ಮೇಲೆ ಕಾದ ಇಸ್ತ್ರಿಪೆಟ್ಟಿಗೆ.
ಚುಂಯ್ ಎಂದು ಹಬೆ.
ಅಮುಕಿಹೋದ ನಾರು ನೀರು ಕುಡಿದು
ಮೆಲ್ಲಗೆ ಮೇಲೆ ಬರುತ್ತದೆ.
ಸ್ಪಿರಿಟ್ ಬಾಟಲಿ ದೂರ ಸರಿಸಿ, ಬೀಡಿ ಹಚ್ಚಿ,
"ಅದುಮಿಸಿಕೊಂಡದ್ದು ಏಳುತ್ತೆ," ಅಂದರು ಸಾಬರು,
"ಕಡಿದದ್ದು ಏಳಲ್ಲ. ತುಂಬಬೇಕು."

ತುಂಬಿದೆ. ಅದೇ ಮರದ ಹುಡಿ, ಅರಗು, ಚಿಟಿಕೆ ಕಾವಿ.
ಬಣ್ಣ ಕೂಡದಿದ್ದರೆ ಅಡಿಕೆ ಚೊಗರು,
ಅದೂ ಕೂಡದಿದ್ದರೆ ನಿನ್ನೆಯ ಡಿಕಾಕ್ಷನ್.
ಸಣ್ಣ ಗೀರಿಗೆ ಅರ್ಧ ಗೇರುಬೀಜ ಉಜ್ಜಿದರೂ ಆದೀತು,
ಉಳಿದರ್ಧ ಬಾಯಿಗೆ.
ಉಜ್ಜುವುದು ಮಾತ್ರ ಎಳೆಯ ದಾರಿಯಲ್ಲೇ.
ಎಳೆಗೆ ಅಡ್ಡ ಹೋದೆಯೋ
ಒಂದು ಗೀರು ಅಳಿಸಲು ಹೋಗಿ ನೂರು ಎಳೆದ ಹಾಗೆ.
ಮೋಡದ ದಿನ ಪಾಲಿಶ್ ಇಲ್ಲ, ತೇವಕ್ಕೆ ಬೂದಿ ಹಿಡಿಯುತ್ತದೆ.
ಶಿವಮೊಗ್ಗದಲ್ಲಿ ಹಾಗಂದುಕೊಂಡರೆ
ವರ್ಷಕ್ಕೆ ಎಷ್ಟು ದಿನ ಕೆಲಸ, ಲೆಕ್ಕ ಹಾಕಿ.

ಮುಂದಿನ ಅಂಚಿನಲ್ಲಿ, ಎಡಗಡೆ, ಬಳೆಯ ಗೀರುಗಳು.
ಗಾಜಿನವು ತೆಳ್ಳಗೆ, ಒಂದರ ಮೇಲೊಂದು.
ಅವುಗಳ ಮೇಲೆ ದಪ್ಪನೆಯವು ಒಂದಿಷ್ಟು, ವಾಚಿನ ಪಟ್ಟಿಯವು.
ಯಾರೋ ಕೆಲಸ ಸಿಕ್ಕಿ, ವಾಚು ಕೊಂಡು,
ಸೀನಿಯರ್ ಕಟ್ಟಲು ಮತ್ತೆ ಬಂದಿದ್ದಳೇನೋ.
ಏಳನೆಯದರಲ್ಲಿ ಬಹಳ ಹೊತ್ತು ಹುಡುಕಿದೆ,
ನನ್ನ ಬಳೆಯದು ಯಾವುದೆಂದು ತಿಳಿಯಲಿಲ್ಲ.
ಎಲ್ಲವನ್ನೂ ತುಂಬಿದೆ.
ಹತ್ತಿಯುಂಡೆಯಲ್ಲಿ ಎಂಟು ಕೋಟು. ಹದಿನೇಳು ದಿನ.

ಹೊಳೆ ಬಸ್ ಸ್ಟಾಪಿನ ಹತ್ತಿರ ಹೋಟೆಲು ತೆರೆಯುವ ಗುತ್ಯಪ್ಪ ಬಂದು
ಮೇಜಿನಲ್ಲಿ ಮೀಸೆ ನೋಡಿಕೊಂಡ.
"ಭಾರಿ ಆಗಿದೆ. ಸನ್‌ಮೈಕ ಹೊಡೆದುಬಿಡಿ.
ಸಾಂಬಾರು ಚೆಲ್ಲಿದರೆ ಒರೆಸೋ ಹಾಗಿರಬೇಕು."
ಹನ್ನೆರಡಕ್ಕೂ. ಅಡ್ವಾನ್ಸು ಎಣಿಸಿಟ್ಟ.

ಸಾಬರು ಏನೂ ಅನ್ನಲಿಲ್ಲ.
ಒಳಗಿಂದ ಮುರಿದ ಗರಗಸದ ಬ್ಲೇಡು ತಂದು ನನ್ನ ಕೈಗಿಟ್ಟರು.
ನಯದ ಮೇಲೆ ಅಂಟು ಕೂರುವುದಿಲ್ಲ.
ಪಾಲಿಶ್ ಕೆರೆದು ಗೀರಬೇಕು. ಎಳೆಗೆ ಅಡ್ಡ.

ಮೊದಲನೆಯದಕ್ಕೆ ಕೈ ಬರಲಿಲ್ಲ.
ಎರಡನೆಯದಕ್ಕೆ ಬಂತು.
ಐದಕ್ಕೆ ಬರುವ ಹೊತ್ತಿಗೆ
ರೇಡಿಯೋದ ಹಾಡಿಗೆ ತಲೆಯಾಡಿಸುತ್ತಿದ್ದೆ.

ಏಳಕ್ಕೆ ನಿಂತೆ.
ಅಂಟಿಗೆ ಗೀರು ಬೇಕು,
ಯಾವ ಗೀರು ಅಂತ ಅದು ಕೇಳುವುದಿಲ್ಲ.
ರೇಡಿಯೋ ಆರಿಸಿ, ಬ್ಲೇಡಿನ ಮೂಲೆಯಿಂದ
ಎ ಎಸ್ ಡಿ ಎಫ್ ಜಿ
ಎ ಎಸ್ ಡಿ ಎಫ್ ಜಿ
ಸಾಲು ಮುಗಿದಾಗ ಬಾಯಲ್ಲೇ ಟಿಂಗ್ ಅಂದು
ಕೆಳಗಿನ ಸಾಲಿಗೆ.
ಮೇಜಿನ ತುಂಬ. ಒಂದೂ ತಪ್ಪಿಲ್ಲ.

ಸಾಬರು ಬಂದು ಉಗುರು ಓಡಿಸಿದರು. ತಡೆಯಿತು.
"ಸಾಕು, ಹಿಡಿಯುತ್ತೆ" ಎಂದು
ಅಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದರು.